ರೀಡಿಂಗ್, ಲಿಸನಿಂಗ್‌ನಲ್ಲಿ ಅಂಕ ಎಲ್ಲಿ ಸೋರಿಹೋಗುತ್ತದೆ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ):
ನಮಸ್ಕಾರ ಮೇಡಂ. ನಾನು ಠಾಣೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಏಳನೆಯ ತರಗತಿಯವರೆಗೆ ಇಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬ್ರಿಟನ್ನಿನಲ್ಲಿ ಕೆಲಸ ಮಾಡುವ ಆಸೆಯಿಂದ, ಇಂಗ್ಲಿಷ್ ಜ್ಞಾನ ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಅಭ್ಯಾಸ ಪರೀಕ್ಷೆಗಳಲ್ಲಿ, 9ರವರೆಗಿನ ಬ್ಯಾಂಡ್ ಅಳತೆಯಲ್ಲಿ, ರೀಡಿಂಗ್ (ಓದು) 6ಕ್ಕೆ, ಲಿಸನಿಂಗ್ (ಆಲಿಸುವುದು) 6.5ಕ್ಕೆ ನಿಂತುಬಿಟ್ಟಿದೆ. ವೈದ್ಯಕೀಯ ವಿಷಯದ ಲೇಖನ ಬಂದಾಗಲೇ ನನ್ನ ಉತ್ತರಗಳು ಹೆಚ್ಚು ತಪ್ಪುತ್ತವೆ. ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡಿ ಎಂದು ಕ್ಲಾಸಿನಲ್ಲಿ ಹೇಳುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬಂದು ಅದು ಆಗುತ್ತಿಲ್ಲ. ಏನು ಮಾಡಲಿ?

ಉತ್ತರ (ಮಾಟುಂಗಾದ ಇಂಗ್ಲಿಷ್ ಶಿಕ್ಷಕಿ):
ಬಾಯಿಪಾಠ ಬಿಟ್ಟುಬಿಡಿ ತಂಗಿ. ಮೊದಲು ಲೆಕ್ಕ ನೋಡೋಣ. ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಕೇಳುತ್ತದೆ, ರೈಟಿಂಗ್‌ನಲ್ಲಿ 6.5 ಸಾಕು. ಅಕಾಡೆಮಿಕ್ ರೀಡಿಂಗ್‌ನಲ್ಲಿ 40 ಪ್ರಶ್ನೆಗಳಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ 6, ಸುಮಾರು 30 ಸರಿಯಾದರೆ 7. ನಿಮಗೆ ಬೇಕಿರುವುದು ಇನ್ನು ಏಳೆಂಟು ಸರಿಯುತ್ತರ. ಅವು ಎಲ್ಲಿ ಕೈತಪ್ಪುತ್ತಿವೆ ಎಂಬುದನ್ನು ನೀವೇ ಹೇಳಿದ್ದೀರಿ: ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಬಂದಾಗ! ಹಾಗಾಗಿ ಕೊರತೆ ಪದಗಳದ್ದು ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ತಿಳಿವಳಿಕೆಯೇ ಲೇಖನಕ್ಕಿಂತ ಮುಂದೆ ಓಡುತ್ತಿದೆ.

ಟ್ರೂ, ಫಾಲ್ಸ್, ನಾಟ್ ಗಿವನ್ (ಸರಿ, ತಪ್ಪು, ಲೇಖನದಲ್ಲಿ ಹೇಳಿಲ್ಲ) ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. ಲೇಖನದಲ್ಲಿ ಹೀಗಿದೆ ಎಂದುಕೊಳ್ಳಿ: ‘1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಗರ್ಭಿಣಿಯರನ್ನು ಪರೀಕ್ಷಿಸುವ ಮುನ್ನ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ತಂದರು. ಆ ಬಳಿಕ ಬಾಣಂತಿಯರ ಸಾವು ಬಹಳಷ್ಟು ಇಳಿಯಿತು.’

ಈಗ ಪ್ರಶ್ನೆಯ ಹೇಳಿಕೆಗಳು. ‘ನಿಯಮ ಬಂದ ಮೇಲೂ ಸಾವಿನ ಪ್ರಮಾಣ ಹಾಗೆಯೇ ಉಳಿಯಿತು.’ ಇದು ಫಾಲ್ಸ್. ಇದಕ್ಕೆ ನೇರ ವಿರುದ್ಧವಾದ ಸಾಲು ಲೇಖನದಲ್ಲೇ ಇದೆ. ‘ಅಂದಿನ ಹಲವು ವೈದ್ಯರು ಸೆಮ್ಮೆಲ್‌ವೈಸ್ ಅವರ ಮಾತನ್ನು ಒಪ್ಪಲಿಲ್ಲ.’ ಇಲ್ಲಿ ನರ್ಸ್ ಆದವರ ಕೈ ತಾನಾಗಿಯೇ ಟ್ರೂ ಎಂದು ಒತ್ತುತ್ತದೆ, ಏಕೆಂದರೆ ಚರಿತ್ರೆಯಲ್ಲಿ ನಡೆದದ್ದು ಹಾಗೆಯೇ. ಆದರೆ ಕೊಟ್ಟಿರುವ ಎರಡು ವಾಕ್ಯಗಳಲ್ಲಿ ಆ ಮಾತು ಎಲ್ಲಿದೆ? ಇಲ್ಲ. ಉತ್ತರ ನಾಟ್ ಗಿವನ್. ಪರೀಕ್ಷಕರು ಕೇಳುತ್ತಿರುವುದು ಲೋಕದಲ್ಲಿ ಯಾವುದು ನಿಜ ಎಂದಲ್ಲ, ಈ ಲೇಖನ ಏನು ಹೇಳಿತು ಎಂದು ಮಾತ್ರ.

ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಪ್ರತಿಯೊಂದು ಉತ್ತರಕ್ಕೂ ‘ಯಾವ ಸಾಲು?’ ಎಂದು ಕೇಳುತ್ತೇನೆ. ಟ್ರೂ ಎಂದರೆ ಅದನ್ನು ಹೇಳುವ ಸಾಲಿನ ಮೇಲೆ ಬೆರಳಿಡಬೇಕು. ಫಾಲ್ಸ್ ಎಂದರೆ ಅದನ್ನು ಅಲ್ಲಗಳೆಯುವ ಸಾಲಿನ ಮೇಲೆ. ಬೆರಳಿಗೆ ಜಾಗ ಸಿಗದಿದ್ದರೆ ನಾಟ್ ಗಿವನ್. ಈ ಬಗೆಯ ಪ್ರಶ್ನೆಗಳ ಉತ್ತರಗಳು ಲೇಖನದ ಕ್ರಮದಲ್ಲೇ ಬರುತ್ತವೆ. ಆದ್ದರಿಂದ ಮೂರನೆಯದೂ ಐದನೆಯದೂ ಸಿಕ್ಕಿದ್ದರೆ ನಾಲ್ಕನೆಯದನ್ನು ಅವೆರಡರ ನಡುವೆ ಹುಡುಕಿದರೆ ಸಾಕು.

ದಿನಕ್ಕೊಂದು ಹೊಸ ಪರೀಕ್ಷೆ ಬರೆದು ಅಂಕ ಎಣಿಸುವುದರಿಂದ ಏನೂ ಸುಧಾರಿಸುವುದಿಲ್ಲ. ಡ್ಯೂಟಿ ಇಲ್ಲದ ದಿನ ಒಂದೇ ಲೇಖನ ತೆಗೆದುಕೊಳ್ಳಿ. ಇಪ್ಪತ್ತು ನಿಮಿಷದಲ್ಲಿ ಉತ್ತರಿಸಿ. ಆಮೇಲೆ ಗಡಿಯಾರ ಪಕ್ಕಕ್ಕಿಟ್ಟು, ತಪ್ಪಿದ ಪ್ರತಿಯೊಂದು ಉತ್ತರದ ಸಾಲನ್ನು ಹುಡುಕಿ ಗೆರೆ ಎಳೆಯಿರಿ. ಪ್ರಶ್ನೆಯಲ್ಲಿದ್ದ ಮಾತನ್ನು ಲೇಖನ ಬೇರೆ ಯಾವ ಮಾತಿನಲ್ಲಿ ಹೇಳಿದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ನಿಮಗೆ ಬೇಕಾದ ಶಬ್ದಸಂಪತ್ತು ಅಲ್ಲಿಯೇ ಕೂಡುತ್ತದೆ.

ಪ್ರಶ್ನೆ (ಅದೇ ಸದಸ್ಯೆ):
ಬೆರಳಿಡುವ ಉಪಾಯ ಅರ್ಥವಾಯಿತು ಮೇಡಂ. ಆದರೆ ಮೂರನೆಯ ಲೇಖನಕ್ಕೆ ಬರುವಷ್ಟರಲ್ಲಿ ಸಮಯವೇ ಇರುವುದಿಲ್ಲ.

ಉತ್ತರ:
ರೀಡಿಂಗ್‌ನ 60 ನಿಮಿಷವನ್ನು ಮೂರು ಲೇಖನಗಳಿಗೆ ಸಮಪಾಲು ಮಾಡಬೇಡಿ. ಲೇಖನಗಳು ಹೋಗುತ್ತಾ ಹೋಗುತ್ತಾ ಕಠಿಣವಾಗುತ್ತವೆ. ಮೊದಲನೆಯದಕ್ಕೆ 15, ಎರಡನೆಯದಕ್ಕೆ 20, ಕೊನೆಯದಕ್ಕೆ 25 ಇಟ್ಟುಕೊಳ್ಳಿ. ರೀಡಿಂಗ್‌ನಲ್ಲಿ ಉತ್ತರಪತ್ರಿಕೆಗೆ ಉತ್ತರ ನಕಲು ಮಾಡಿಕೊಳ್ಳಲು ಬೇರೆ ಸಮಯ ಕೊಡುವುದಿಲ್ಲ. ಒಂದು ಪ್ರಶ್ನೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಊಹಿಸಿ ಮುಂದೆ ಹೋಗಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಪ್ರಶ್ನೆ (ವಾಶಿಯ ಸದಸ್ಯ):
ಮೇಡಂ, ನನ್ನ ಕಷ್ಟ ಲಿಸನಿಂಗ್‌ನದು. ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಪ್ಪಾಗುತ್ತದೆ.

ಉತ್ತರ:
ಅರ್ಥವಾಗುತ್ತದೆ ಎಂಬ ಧೈರ್ಯದಲ್ಲೇ ನಾವು ಅರ್ಧ ವಾಕ್ಯಕ್ಕೆ ಕಿವಿ ಮುಚ್ಚಿಬಿಡುತ್ತೇವೆ. ಮೊದಲ ಭಾಗದ ಸಂಭಾಷಣೆಯಲ್ಲಿ ಒಬ್ಬಾಕೆ ‘ಮಂಗಳವಾರ ಬರುತ್ತೇನೆ’ ಎನ್ನುತ್ತಾಳೆ. ನೀವು ಮಂಗಳವಾರ ಎಂದು ಬರೆದು ನೆಮ್ಮದಿಯಾಗುತ್ತೀರಿ. ಅವಳು ಮುಂದುವರಿಸುತ್ತಾಳೆ: ‘ಅಯ್ಯೋ, ಅಂದು ಬೇರೆ ಕೆಲಸವಿದೆ, ಗುರುವಾರ ಇಟ್ಟುಕೊಳ್ಳೋಣ.’ ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುವುದರಿಂದ ಹಿಂದಕ್ಕೆ ಹೋಗುವಂತಿಲ್ಲ. ಇನ್ನೊಬ್ಬರು ಒಪ್ಪುವವರೆಗೆ ಉತ್ತರ ಖಚಿತವಲ್ಲ ಎಂದೇ ಭಾವಿಸಿ ಕೇಳಿ.

ಇನ್ನೊಂದು ಸೋರಿಕೆ ಬಹುವಚನದ್ದು. ಹತ್ತು ರೂಪಾಯಿ, ನಾಲ್ಕು ಟಿಕೆಟ್ ಎಂದು ಏಕವಚನದಲ್ಲೇ ಮಾತಾಡಿ ರೂಢಿಯಾದ ನಮ್ಮ ಕಿವಿಗೆ ಇಂಗ್ಲಿಷ್ ಪದದ ಕೊನೆಯ ‘ಸ್’ ಸುಲಭವಾಗಿ ತಪ್ಪಿಹೋಗುತ್ತದೆ. ವಾಕ್ಯಕ್ಕೆ ಬಹುವಚನ ಬೇಕಿದ್ದು ನೀವು ಏಕವಚನ ಬರೆದರೆ ಅಂಕವಿಲ್ಲ. ಸ್ಪೆಲಿಂಗ್ ತಪ್ಪಿದರೂ ಇಲ್ಲ. ಬ್ರಿಟಿಷ್, ಅಮೆರಿಕನ್ ಸ್ಪೆಲಿಂಗ್ ಎರಡೂ ನಡೆಯುತ್ತವೆ. ಎರಡು ಪದ ಮೀರಬಾರದು ಎಂದಿರುವಲ್ಲಿ ಮೂರು ಬರೆದರೆ ಸರಿಯುತ್ತರವೂ ತಪ್ಪೇ. ಕಾಗದದ ಪರೀಕ್ಷೆ ಇರುವ ಕಡೆ ಕೊನೆಗೆ ಉತ್ತರ ನಕಲು ಮಾಡಲು 10 ನಿಮಿಷ ಸಿಗುತ್ತದೆ, ಕಂಪ್ಯೂಟರ್‌ನಲ್ಲಿ ಪರಿಶೀಲನೆಗೆ 2 ನಿಮಿಷ ಮಾತ್ರ. ಕಂಪ್ಯೂಟರ್ ಪರೀಕ್ಷೆ ಬರೆಯುವವರು ಅಭ್ಯಾಸವನ್ನೂ ಕೀಲಿಮಣೆಯಲ್ಲೇ ಮಾಡಬೇಕು.

ನಾಲ್ಕನೆಯ ಭಾಗಕ್ಕೆ ಹೆಚ್ಚು ದುಡಿಯಿರಿ. ಅದು ಒಬ್ಬರೇ ಮಾಡುವ ಉಪನ್ಯಾಸ, ನಡುವೆ ಬಿಡುವಿಲ್ಲ. ಒಂದು ಉತ್ತರ ತಪ್ಪಿತೆಂದು ಅಲ್ಲೇ ನಿಂತರೆ ಮುಂದಿನ ಮೂರೂ ಹೋಗುತ್ತವೆ. ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಲಿ, ಈಗಿನದು ಮತ್ತು ಮುಂದಿನದು.

ಪ್ರಶ್ನೆ (ಬೊರಿವಲಿಯ ಸದಸ್ಯ):
ಮಗ ಕೆನಡಾಕ್ಕೆ ವಲಸೆ ಹೋಗಲು ಐಇಎಲ್‌ಟಿಎಸ್‌ನ ಇನ್ನೊಂದು ಬಗೆಯಾದ ಜನರಲ್ ಟ್ರೈನಿಂಗ್ ಬರೆಯುತ್ತಿದ್ದಾನೆ. ಅವನಿಗೂ ಇದೇ ಲೆಕ್ಕವೇ?

ಉತ್ತರ:
ಲಿಸನಿಂಗ್ ಎರಡಕ್ಕೂ ಒಂದೇ. ರೀಡಿಂಗ್ ಬೇರೆ: ಜನರಲ್ ಟ್ರೈನಿಂಗ್‌ನಲ್ಲಿ ಜಾಹೀರಾತು, ಸೂಚನಾಪತ್ರದಂಥ ಸುಲಭ ಬರಹಗಳಿರುತ್ತವೆ, ಆದ್ದರಿಂದ 7 ಬರಲು ಸುಮಾರು 34 ಸರಿಯಾಗಬೇಕು.

ಪ್ರಶ್ನೆ (ಡೊಂಬಿವಲಿಯ ಸದಸ್ಯೆ):
ಕೊನೆಯದಾಗಿ ಮೇಡಂ, ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯುವುದು ಉತ್ತಮವೇ? ಮತ್ತೆ, ಲೋಕಲ್ ರೈಲಿನಲ್ಲಿ ಕಳೆಯುವ ಹೊತ್ತನ್ನು ಬಳಸಿಕೊಳ್ಳಬಹುದೇ?

ಉತ್ತರ:
ಒಇಟಿಯನ್ನೂ ಕೌನ್ಸಿಲ್ ಒಪ್ಪುತ್ತದೆ. ಅಲ್ಲಿ ಓದುವುದು, ಕೇಳುವುದು ಎಲ್ಲವೂ ಆಸ್ಪತ್ರೆಯ ಲೋಕದ್ದು, ಶುಲ್ಕ ಮಾತ್ರ ಹೆಚ್ಚು. ಆದರೆ ನಿಮ್ಮ ಈಗಿನ ತೊಂದರೆ ಅಲ್ಲಿಗೂ ಹಿಂಬಾಲಿಸುತ್ತದೆ, ಏಕೆಂದರೆ ಅಲ್ಲಿನ ಪ್ರತಿ ಪುಟವೂ ನಿಮಗೆ ಗೊತ್ತಿರುವ ವಿಷಯವೇ. ಬೆರಳಿಡುವ ಅಭ್ಯಾಸ ಕೈಗೂಡಿದ ಮೇಲೆ ನಿರ್ಧರಿಸಿ.

ರೈಲಿನಲ್ಲಿ ಪರೀಕ್ಷೆ ಬರೆಯಬೇಡಿ; ಆ ಗದ್ದಲದಲ್ಲಿ ಬರುವ ಅಂಕ ನಂಬುವಂಥದ್ದಲ್ಲ, ಸುಮ್ಮನೆ ಎದೆಗುಂದುತ್ತೀರಿ. ಮನೆಯಲ್ಲಿ ಒಮ್ಮೆ ಉತ್ತರಿಸಿದ ಧ್ವನಿಮುದ್ರಿಕೆಯನ್ನೇ ದಾರಿಯಲ್ಲಿ ಮತ್ತೆ ಮತ್ತೆ ಕೇಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರ ಉಚ್ಚಾರವೂ ಪರೀಕ್ಷೆಯಲ್ಲಿ ಬರುವುದರಿಂದ ಬಿಬಿಸಿಯ ಜೊತೆಗೆ ಆಸ್ಟ್ರೇಲಿಯಾದ ಎಬಿಸಿ ರೇಡಿಯೋವನ್ನೂ ಹಚ್ಚಿಕೊಳ್ಳಿ. ನೈಟ್ ಡ್ಯೂಟಿ ಮುಗಿಸಿ ಬರುವಾಗ ಮಾತ್ರ ಏನನ್ನೂ ಕೇಳಬೇಡಿ, ಸೀಟು ಸಿಕ್ಕರೆ ಡೊಂಬಿವಲಿಯವರೆಗೆ ನಿದ್ದೆ ಮಾಡಿ. ಮುಂದಿನ ವಾರ ತಪ್ಪಿದ ಉತ್ತರಗಳಿಗೆ ಗೆರೆ ಎಳೆದ ಒಂದು ಲೇಖನದ ಫೋಟೊ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡುತ್ತೇನೆ.