ವಿಶ್ವಾಸ ಪ್ರಮಾಣ ಬಾಯಿಪಾಠ ಉಂಟು, ಅರ್ಥ ಎಷ್ಟುಂಟು? ಅಳೆಯುವುದು ಹೇಗೆ?

ಉಡುಪಿ_ಪೇಟೆ (ಪ್ರಶ್ನೆ)

ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಸಪ್ತಾಹಕ್ಕೆ ಇಲ್ಲಿನ ಒಂದು ಕಥೋಲಿಕ ಚರ್ಚ್ ಮತ್ತು ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆ ಸೇರಿ ಕಾರ್ಯಕ್ರಮ ಇಡುವುದಿದೆ. ಭಾನುವಾರ ತಪ್ಪದೆ ಬರುವ ಸಾಮಾನ್ಯ ಜನರಿಗೆ ನಂಬಿಕೆಯ ಮೂಲ ಬೋಧನೆಗಳು ಎಷ್ಟು ಗೊತ್ತಿವೆ ಎಂದು ಅದಕ್ಕೆ ಮುಂಚೆ ಒಂದು ಪ್ರಶ್ನೆಪತ್ರಿಕೆ ಕೊಟ್ಟು ನೋಡಬೇಕು. ಕರಡಿನಲ್ಲಿ ಸದ್ಯ 30 ಪ್ರಶ್ನೆ ಉಂಟು. ಮಾದರಿಗೆ: "ತ್ರಯೇಕ ದೇವರನ್ನು ನಂಬುತ್ತೀರಾ?", "ಆರನೆಯ ಆಜ್ಞೆ ಯಾವುದು?", "ಬೈಬಲಿನಲ್ಲಿ ಎಷ್ಟು ಪುಸ್ತಕಗಳಿವೆ?", "ಒಳ್ಳೆಯ ಕೆಲಸ ಮಾಡಿದವರು ಸ್ವರ್ಗಕ್ಕೆ ಹೋಗುತ್ತಾರೆಯೇ?". ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಹಂಚುವ ಯೋಚನೆ. ಎಲ್ಲಿ ಎಡವುತ್ತೇವೆ ಹೇಳಿ.

ಪಾಠಪುಸ್ತಕ

ಬೇಸರ ಮಾಡಬೇಡಿ, ನಾಲ್ಕೂ ಎಡವುತ್ತವೆ.

ಆಜ್ಞೆಯನ್ನು ನಂಬರಿನಿಂದ ಕೇಳಲೇಬಾರದು. ಕಥೋಲಿಕರ ಎಣಿಕೆಯಲ್ಲಿ ಆರನೆಯದು ವ್ಯಭಿಚಾರದ್ದು, ಕ್ಯಾಲ್ವಿನ್ ಪರಂಪರೆಯವರ ಎಣಿಕೆಯಲ್ಲಿ ಕೊಲೆಯದ್ದು. ವಿಗ್ರಹದ ಮಾತನ್ನು ಮೊದಲ ಆಜ್ಞೆಯೊಳಗೇ ಸೇರಿಸಿ, ಕೊನೆಯಲ್ಲಿ ಆಸೆಪಡುವುದರ ಆಜ್ಞೆಯನ್ನು ಎರಡು ಮಾಡಿದರೆ ಒಂದು ಲೆಕ್ಕ, ಮಾಡದಿದ್ದರೆ ಇನ್ನೊಂದು. ಪುಸ್ತಕಗಳ ಸಂಖ್ಯೆಯೂ ಹಾಗೆಯೇ. 73 ಎಂದವರು ಕಥೋಲಿಕರು, 66 ಎಂದವರು ಪ್ರಾಟೆಸ್ಟಂಟರು. ಅದರಿಂದ ಅವರ ಚರ್ಚ್ ಯಾವುದೆಂದು ಗೊತ್ತಾದೀತು, ಅಷ್ಟೇ.

"ನಂಬುತ್ತೀರಾ" ಎಂದು ಕೇಳಿದರೆ ಎಲ್ಲರದ್ದೂ ಹೌದು. ಜನ ನಿಜವಾಗಿ ಆಡುವ ತಪ್ಪು ಮಾತುಗಳನ್ನೇ ಸರಿ ಮಾತಿನ ಪಕ್ಕದಲ್ಲಿಟ್ಟು ಆರಿಸಲು ಹೇಳಿ. ಹೀಗೆ:

ಅ) ಒಬ್ಬನೇ ದೇವರು ಮೊದಲು ತಂದೆಯಾಗಿ, ಆಮೇಲೆ ಮಗನಾಗಿ, ಈಗ ಪವಿತ್ರಾತ್ಮನಾಗಿ ಕಾಣಿಸಿಕೊಂಡಿದ್ದಾನೆ.
ಆ) ತಂದೆ ಮಾತ್ರ ಪೂರ್ಣ ದೇವರು, ಮಗ ಆತನ ಮೊದಲ, ಅತಿ ಶ್ರೇಷ್ಠ ಸೃಷ್ಟಿ, ಪವಿತ್ರಾತ್ಮ ದೇವರ ಶಕ್ತಿ.
ಇ) ತಂದೆ, ಮಗ, ಪವಿತ್ರಾತ್ಮ ಒಬ್ಬರು ಇನ್ನೊಬ್ಬರಲ್ಲ, ಆದರೆ ಮೂವರೂ ಎಂದೆಂದಿಗೂ ಒಂದೇ ದೇವರು.
ಈ) ಗೊತ್ತಿಲ್ಲ.

ಅ ಎಂಬುದು ಮೂರನೆಯ ಶತಮಾನದ ಸಬೆಲಿಯಸ್‌ನ ವಾದ. ಆ ಎಂಬುದರ ಮಗನ ಮಾತು ಆರಿಯಸ್ ಎಂಬ ಪಾದ್ರಿಯದು. ಅದನ್ನು 325ರಲ್ಲಿ ನಿಸೇಯ ಸಭೆ (ಬಿಷಪರ ಮಹಾಸಭೆ) ತಳ್ಳಿಹಾಕಿತು. ಮಗನು ಹುಟ್ಟಿದವನು, ಸೃಷ್ಟಿಯಾದವನಲ್ಲ ಎಂಬ ವಿಶ್ವಾಸ ಪ್ರಮಾಣದ (ಆರಾಧನೆಯಲ್ಲಿ ಎಲ್ಲರೂ ಹೇಳುವ ನಂಬಿಕೆಯ ಸಾರ) ಸಾಲನ್ನು ಬಾಯಲ್ಲಿ ಹೇಳಿ ಮುಗಿಸಿದ ಮನುಷ್ಯನೇ ಕಾಗದದಲ್ಲಿ ಆ ಎಂದು ಗುರುತು ಹಾಕುತ್ತಾನೆ. ನಮ್ಮ ಊರಿನ ಕತೆ ಮಾತ್ರವಲ್ಲ ಇದು. ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಲಿಗೊನಿಯರ್ ಸಮೀಕ್ಷೆಯಲ್ಲಿ, ಬೈಬಲ್ ಬಿಟ್ಟು ಬೇರೆ ಮಾತಿಲ್ಲ ಎನ್ನುವ ಇವಾಂಜೆಲಿಕಲ್ ಕ್ರೈಸ್ತರೇ 2022ರಲ್ಲಿ 73% ಮಂದಿ ಯೇಸು ದೇವರ ಮೊದಲ ಸೃಷ್ಟಿ ಎಂಬ ಮಾತನ್ನು ಒಪ್ಪಿದ್ದರು.

ಅ ಉತ್ತರ ಹೆಚ್ಚು ಬಂದರೆ ಜನರನ್ನು ಬೈಯುವ ಮುಂಚೆ ಕಲಿಸಿದವರ ಉದಾಹರಣೆ ನೋಡಿ. ನೀರು, ಮಂಜುಗಡ್ಡೆ, ಆವಿ ಎಂದು ಕ್ಯಾಟೆಕಿಸಂ (ಧರ್ಮಬೋಧೆಯ) ಕ್ಲಾಸಿನಲ್ಲಿ ಹೇಳಿಕೊಟ್ಟರೆ ಮಗು ಕಲಿಯುವುದು ಅ ಉತ್ತರವನ್ನೇ. ಒಬ್ಬನೇ ವೇಷಧಾರಿ ರಾತ್ರಿ ಬೆಳಗಾಗುವುದರೊಳಗೆ ಮೂರು ವೇಷ ಮಾಡಿದ ಹಾಗೆ ಎಂದರೂ ಅದೇ. ಮುರಿಯುವುದು ಸುಲಭ: ಮತ್ತಾಯ 3:16-17 ಓದಿಸಿ. ಮಗ ಹೊಳೆಯಲ್ಲಿ, ಪವಿತ್ರಾತ್ಮ ಪಾರಿವಾಳದಂತೆ ಇಳಿಯುತ್ತಿದ್ದಾನೆ, ತಂದೆಯ ಸ್ವರ ಮೇಲಿನಿಂದ. ಚೌಕಿಗೆ ಹೋಗಿ ವೇಷ ಬದಲಿಸಿ ಬರಲು ಅಲ್ಲಿ ಸಮಯ ಎಲ್ಲಿ?

ಬಲ್ಮಠ_ಗುಡ್ಡೆ

ಮೇಲಿನದ್ದು ಸರಿ. ನಮ್ಮಲ್ಲಿ ಅರ್ಧ ತೊಡಕು ಪದಗಳದ್ದು, ಅದನ್ನು ಸೇರಿಸುತ್ತೇನೆ.

"ವ್ಯಕ್ತಿ" ಎಂದರೆ ಕನ್ನಡದ ಕಿವಿಗೆ ಒಬ್ಬ ಆಸಾಮಿ. "ಮೂರು ವ್ಯಕ್ತಿಗಳು" ಎಂದು ಬರೆದರೆ ಮೂರು ದೇವರು ಎಂದು ಓದಿಕೊಳ್ಳುವವರಿದ್ದಾರೆ. ಪಾಠಪುಸ್ತಕದವರು ಆ ಪದ ತಪ್ಪಿಸಿದ್ದು ಜಾಣತನ.

"ಅವತಾರ" ಇನ್ನೂ ಕಷ್ಟದ್ದು. ಅವತಾರ ಎಂದರೆ ಕೆಲಸ ಮುಗಿಸಿ ರೂಪ ಬಿಟ್ಟು ಹೋಗುವುದು ಎಂದೇ ಇಲ್ಲಿ ಎಲ್ಲರ ಮನಸ್ಸಿನಲ್ಲಿ ಕೂತಿದೆ. ಕ್ರೈಸ್ತ ಬೋಧನೆ ಹಾಗಲ್ಲ. 451ರ ಕಲ್ಸೆದೋನ್ ಸಭೆಯ ಪ್ರಕಾರ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಒಬ್ಬನೇ. ಆ ಮನುಷ್ಯತ್ವ ತಾತ್ಕಾಲಿಕವಲ್ಲ. ಇದನ್ನು ಅಳೆಯಲು "ಯೇಸುವಿಗೆ ಹಸಿವಾಗುತ್ತಿತ್ತೇ?" ಎಂದು ಕೇಳಿದರೆ ಸಾಲದು, ಹೌದು ಎನ್ನುತ್ತಾರೆ. "ಈಗ ಸ್ವರ್ಗದಲ್ಲಿರುವ ಯೇಸು ಈಗಲೂ ಮನುಷ್ಯನೇ?" ಎಂದು ಕೇಳಿ. ಸರಿ ಉತ್ತರ ಹೌದು. ಸಭೆಯ ಹಿರಿಯರೂ ಅಲ್ಲಿ ಪೆನ್ನು ನಿಲ್ಲಿಸುತ್ತಾರೆ.

"ದೇಹದ ಪುನರುತ್ಥಾನ"ವೂ (ಸತ್ತವರ ದೇಹ ಮತ್ತೆ ಎದ್ದು ಬರುವುದು) ಹಾಗೆ. ಅಪೊಸ್ತಲರ ವಿಶ್ವಾಸ ಪ್ರಮಾಣದ ಕೊನೆಯ ಮಾತುಗಳಲ್ಲಿ ಅದಿದೆ, ಆದರೆ ಜನರ ಉತ್ತರ "ಸತ್ತ ಮೇಲೆ ಆತ್ಮ ಸ್ವರ್ಗಕ್ಕೆ ಹೋಗುತ್ತದೆ" ಎಂಬಲ್ಲಿಗೆ ಮುಗಿಯುತ್ತದೆ. ಅದು ತಪ್ಪಲ್ಲ, ಅರ್ಧ. 1 ಕೊರಿಂಥ 15 ಪೂರ್ತಿ ದೇಹದ ವಿಷಯ. ನವೆಂಬರ್ 2ರಂದು ಸಮಾಧಿ ತೊಳೆದು ಹೂ ಇಟ್ಟು ಮೇಣದ ಬತ್ತಿ ಹಚ್ಚುವ ದಿನ ಇದನ್ನು ಬಿಡಿಸಿ ಹೇಳಲು ಚೆನ್ನಾದ ಸಂದರ್ಭ. ಹೆಚ್ಚಿನ ಪ್ರಸಂಗಗಳು ಅದನ್ನು ಬಿಟ್ಟು ಸಾಂತ್ವನಕ್ಕೆ ಹಾರುತ್ತವೆ.

ಕೊನೆಯ ಪ್ರಶ್ನೆ, ಒಳ್ಳೆಯ ಕೆಲಸದ್ದು. ಪ್ರಾಟೆಸ್ಟಂಟರು ಕೃಪೆ ಎನ್ನುತ್ತಾರೆ, ಕಥೋಲಿಕರು ಕ್ರಿಯೆ ಎನ್ನುತ್ತಾರೆ ಎಂಬ ಹಳೇ ಮಾತು ಎರಡು ಕಡೆಯಲ್ಲೂ ಚಾಲ್ತಿಯಲ್ಲಿದೆ. ಆದರೆ ಕೃಪೆಯಿಲ್ಲದೆ ಬರೀ ಸ್ವಂತ ಕೆಲಸದಿಂದ ಮನುಷ್ಯ ನೀತಿವಂತನಾಗಬಹುದು ಎನ್ನುವವನನ್ನು ಕಥೋಲಿಕರ ಟ್ರೆಂಟ್ ಸಭೆಯೇ 1547ರಲ್ಲಿ ಮೊದಲ ನಿಯಮದಲ್ಲೇ ಖಂಡಿಸಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲುಥರನರೂ ಕಥೋಲಿಕರೂ ಈ ವಿಷಯದಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದ್ದಾರೆ. ಆದ್ದರಿಂದ "ರಕ್ಷಣೆ ಶುರುವಾಗುವುದು ಯಾರ ಕಡೆಯಿಂದ?" ಎಂದು ಕೇಳಿ. ಇಬ್ಬರಿಗೂ ಉತ್ತರ ಒಂದೇ. ಐಕ್ಯತಾ ಸಪ್ತಾಹಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ?

ಉಡುಪಿ_ಪೇಟೆ

ಉಪಕಾರ ಆಯ್ತು. ಹಾಗಾದರೆ ಪರಮ ಪ್ರಸಾದದ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಪ್ರಶ್ನೆ ಎಂತ ಮಾಡುವುದು? ಅದರಲ್ಲಿ ಎರಡು ಕಡೆಗೂ ಹೊಂದುವ ಒಂದು ಉತ್ತರ ಇಲ್ಲವಲ್ಲ.

ಲೆಕ್ಕದವ

ಒಂದೇ ಪತ್ರಿಕೆ ಬೇಡ. 30 ಪ್ರಶ್ನೆಯೂ ಬೇಡ. ಹದಿನೈದನೆಯದರ ಹೊತ್ತಿಗೆ ಜನ ಓದದೆ ಗುರುತು ಹಾಕುತ್ತಾರೆ. 12 ಸಾಕು. 9 ಇಬ್ಬರಿಗೂ ಸಮಾನ, ನಿಸೇಯ ವಿಶ್ವಾಸ ಪ್ರಮಾಣದಿಂದ ತೆಗೆದದ್ದು (ಸಿಎಸ್‌ಐಯೂ ಅದನ್ನು ಒಪ್ಪುತ್ತದೆ). ಉಳಿದ 3 ಆಯಾ ಚರ್ಚಿನದ್ದು: ಪರಮ ಪ್ರಸಾದ, ಸಂಸ್ಕಾರ ಏಳೋ ಎರಡೋ, ಮರಿಯಮ್ಮ.

ಪರಮ ಪ್ರಸಾದದಲ್ಲಿ ಮಾತಿನ ಆಯ್ಕೆಯೇ ಫಲಿತಾಂಶ ಬದಲಿಸುತ್ತದೆ. ಅಮೆರಿಕದ ಪ್ಯೂ ಸಂಸ್ಥೆ 2019ರಲ್ಲಿ "ನಿಜವಾಗಿ ಯೇಸುವಿನ ದೇಹ, ರಕ್ತ ಆಗುತ್ತದೆ" ಅಥವಾ "ಸಂಕೇತ" ಎಂಬ ಎರಡೇ ಆಯ್ಕೆ ಕೊಟ್ಟಾಗ ಕಥೋಲಿಕರಲ್ಲಿ 31% ಮಾತ್ರ ಮೊದಲನೆಯದನ್ನು ಹಿಡಿದರು. ಆಮೇಲೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಪ್ರಶ್ನೆಯನ್ನು ಬೇರೆ ರೀತಿ ಕೇಳಿದಾಗ 64% ಬಂತು. ಕಥೋಲಿಕ ಬೋಧನೆಯಲ್ಲಿ ಅದು ಗುರುತೂ ಹೌದು, ನಿಜವೂ ಹೌದು. ಎರಡನ್ನು ಎದುರಾಳಿ ಮಾಡಿ ನಿಲ್ಲಿಸಿದರೆ ಸರಿಯಾಗಿ ತಿಳಿದವನೂ ತಡವರಿಸುತ್ತಾನೆ. ಇನ್ನೊಂದು ಮಾತು: ಅದೇ 2019ರ ಲೆಕ್ಕದಲ್ಲಿ ವಾರ ವಾರ ಪೂಜೆಗೆ ಹೋಗುವವರಲ್ಲಿ 63% ಸರಿ ಹೇಳಿದ್ದರು. ಆದ್ದರಿಂದ ಪತ್ರಿಕೆಯಲ್ಲಿ "ತಿಂಗಳಿಗೆ ಎಷ್ಟು ಸಲ ಬರುತ್ತೀರಿ" ಎಂಬುದು ಇರಲೇಬೇಕು. ಹೆಸರು ಬೇಡ, ವಯಸ್ಸು, ಮನೆಮಾತು ಸಾಕು.

ಬಾಗಿಲಲ್ಲಿ ಹಂಚಬೇಡಿ. ಬಸ್ಸಿಗೆ ಓಡುವವರು ಬಿಟ್ಟುಹೋಗುತ್ತಾರೆ, ನಿಲ್ಲುವವರು ಯಾವಾಗಲೂ ನಿಲ್ಲುವವರೇ. ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರಿಗೆ (ಮುಖ್ಯಸ್ಥರಿಗೆ) "ಹತ್ತು ಜನ ಕಳಿಸಿ" ಎಂದರೂ ಆಗದು, ಚೆನ್ನಾಗಿ ಬಲ್ಲವರನ್ನೇ ಕಳಿಸುತ್ತಾರೆ, ಮರ್ಯಾದೆ ಪ್ರಶ್ನೆ ಮಾರಾಯ್ರೆ. ಕುಟುಂಬ ಪಟ್ಟಿ ಹಿಡಿದು ಪ್ರತಿ ಐದನೆಯ ಮನೆ, ಆ ಮನೆಯಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಆ ವಯಸ್ಕರು. ಹೀಗೆ 100 ಜನ ಸಿಕ್ಕಿದರೆ ಬಂದ ಶೇಕಡಾ ಲೆಕ್ಕ ನಿಜಕ್ಕಿಂತ ಸುಮಾರು 10 ಅಂಕ ಆಚೀಚೆ ಇರಬಹುದು, 200 ಆದರೆ 7. ಕೊಂಕಣಿ ಮನೆಗೆ ಕನ್ನಡ ಲಿಪಿಯ ಕೊಂಕಣಿ ಪ್ರತಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷ್ ಪ್ರತಿ. ಭಾಷಾಂತರವನ್ನು ಇನ್ನೊಬ್ಬರಿಂದ ತಿರುಗಿ ಕನ್ನಡಕ್ಕೆ ಮಾಡಿಸಿ ಹೋಲಿಸಿ.

"ಗೊತ್ತಿಲ್ಲ" ಬಿಟ್ಟು ಮೂರು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದವನಿಗೂ 12ರಲ್ಲಿ 4 ಸರಿ ಬೀಳುತ್ತದೆ. ಹಾಗಾಗಿ ಒಟ್ಟು ಅಂಕ ನೋಡಬೇಡಿ. ಯಾವ ಪ್ರಶ್ನೆಗೆ ಯಾವ ತಪ್ಪು ಹೆಚ್ಚು ಎಂಬುದೇ ನಿಮಗೆ ಬೇಕಾದ ವಿಷಯ.

ಮೊಂತಿ_ಹೊಸಅಕ್ಕಿ

ಮರಿಯಮ್ಮನ ಪ್ರಶ್ನೆಗೆ ಒಂದು ಸೂಚನೆ. ಅಮಲೋದ್ಭವ ಎಂದರೆ ಯೇಸು ಕನ್ಯೆಯಲ್ಲಿ ಹುಟ್ಟಿದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಮರಿಯಮ್ಮ ತನ್ನ ತಾಯಿಯ ಹೊಟ್ಟೆಯಲ್ಲಿ ಮೂಡಿದ ಕ್ಷಣದಿಂದಲೇ ಮೂಲಪಾಪವಿಲ್ಲದೆ (ಎಲ್ಲರಿಗೂ ಹುಟ್ಟಿನಿಂದಲೇ ಇರುವ ಪಾಪವಿಲ್ಲದೆ) ಇದ್ದದ್ದು. 1854ರಲ್ಲಿ ಒಂಬತ್ತನೆಯ ಪಯಸ್ ಪೋಪರು ವಿಧಿಸಿದ ಬೋಧನೆ. ವಿವರಿಸಲು ಪುಸ್ತಕ ಬೇಡ, ಚರ್ಚಿನ ಕ್ಯಾಲೆಂಡರ್ ಸಾಕು. ಡಿಸೆಂಬರ್ 8ಕ್ಕೆ ಅಮಲೋದ್ಭವದ ಹಬ್ಬ, ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8, ನಾವು ತೆನೆ ತಂದು ಹೊಸ ಅಕ್ಕಿ ಊಟ ಮಾಡುವ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬ. ಯೇಸುವಿನದು ಬೇರೆ ಜೋಡಿ: ಗರ್ಭದಲ್ಲಿ ಮೂಡಿದ್ದಕ್ಕೆ ಮಾರ್ಚ್ 25, ಹುಟ್ಟಿದ್ದಕ್ಕೆ ಡಿಸೆಂಬರ್ 25. ಬೆರಳಲ್ಲಿ ಎಣಿಸಿದವರು ಮತ್ತೆ ತಪ್ಪುವುದಿಲ್ಲ.

ಮತ್ತೆ, ಸರಿ ಉತ್ತರದ ಪಟ್ಟಿಯನ್ನು ಎಲ್ಲಾ ವಾಳೆ ಮುಗಿಯುವ ತನಕ ಯಾರ ಕೈಗೂ ಕೊಡಬೇಡಿ. ಮೊದಲ ವಾಳೆಯಲ್ಲಿ ಕೊಟ್ಟರೆ ಮಧ್ಯಾಹ್ನದ ಊಟದೊಳಗೆ ಉಳಿದವುಗಳ ವಾಟ್ಸಾಪ್ ಗ್ರೂಪಿನಲ್ಲಿರುತ್ತದೆ, ಮುಂದಿನ ವಾರ ಎಲ್ಲರಿಗೂ 12ಕ್ಕೆ 12.