ಅಂಟಾರ್ಕ್ಟಿಕಾದ ಚಳಿಗಾಲದಲ್ಲಿ ಕಡಲ ತಳದ ಜೀವಿಗಳು ಏನು ತಿನ್ನುತ್ತವೆ?

ಹೆಪ್ಪುಗಡಲು:
ನಾನು ಒಂದು ಚಳಿಗಾಲ ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆ ‘ಭಾರತಿ’ಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮೇ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಕಂಡಿದ್ದು ಜುಲೈ ನಡುವೆ. ನೆಲೆಯ ಪಕ್ಕದ ಕ್ವಿಲ್ಟಿ ಕೊಲ್ಲಿ ಪೂರ್ತಿ ಹೆಪ್ಪುಗಟ್ಟಿತ್ತು. ಒಂದು ದಿನ ಮಂಜಿನ ದಪ್ಪ ಅಳೆಯಲು ಕೊರೆದ ತೂತಿನಲ್ಲಿ ಇಣುಕಿದೆ. ಬರೀ ಕಪ್ಪು ನೀರು. ಕೆಳಗೆ ನಕ್ಷತ್ರ ಮೀನು, ಮೈತುಂಬ ಮುಳ್ಳಿರುವ ಚೆಂಡಿನಂಥ ಸೀ ಅರ್ಚಿನ್ ಎಲ್ಲಾ ಇವೆ ಎಂದು ಜೊತೆಗಿದ್ದವರು ಹೇಳಿದರು. ನಮಗೇನೋ ಉಗ್ರಾಣದಲ್ಲಿ ಅಕ್ಕಿ, ಬೇಳೆ ತುಂಬಿತ್ತು. ಅವಕ್ಕೆ? ಬಿಸಿಲಿಲ್ಲದೆ ಪಾಚಿ ಬೆಳೆಯುವುದಿಲ್ಲ ಅಲ್ವಾ? ಊರಿಗೆ ಬಂದು ಎರಡು ವರ್ಷವಾದರೂ ಈ ಪ್ರಶ್ನೆ ತಲೆಯಿಂದ ಹೋಗಿಲ್ಲ.

ಕರಾವಳಿಯವ:
ತಿನ್ನುವುದೇ ಇಲ್ಲ ಅನಿಸುತ್ತದೆ. ಬೇಸಿಗೆಯಲ್ಲಿ ತಿಂದು, ಉಳಿದ ಕಾಲ ಉಪವಾಸ.

ಪ್ರಾಣಿಶಾಸ್ತ್ರ ಮೇಷ್ಟ್ರು:
ನಾನೂ ತರಗತಿಯಲ್ಲಿ ಬಹಳ ವರ್ಷ ಹೀಗೇ ಹೇಳುತ್ತಿದ್ದೆ. ಅದು ಪೂರ್ತಿ ಸರಿಯಲ್ಲ.

ಅಂಟಾರ್ಕ್ಟಿಕದ ಸಿಗ್ನಿ ದ್ವೀಪದಲ್ಲಿ ಡೇವಿಡ್ ಬಾರ್ನ್ಸ್ ಮತ್ತು ಆಂಡ್ರ್ಯೂ ಕ್ಲಾರ್ಕ್ ಎಂಬ ವಿಜ್ಞಾನಿಗಳು ಈ ವಿಷಯವನ್ನು ನೇರವಾಗಿ ನೋಡಿದರು. ಚಳಿಗಾಲದಲ್ಲೂ ನೀರಿಗಿಳಿದು, ಯಾವ ಜೀವಿ ಬಾಯಿಯ ಸುತ್ತಲಿನ ಎಳೆಗಳನ್ನು ಚಾಚಿದೆ, ಯಾವುದು ಮುಚ್ಚಿಕೊಂಡಿದೆ ಎಂದು ಗುರುತು ಹಾಕಿಕೊಂಡರು. 1995ರಲ್ಲಿ ಅದು ಪ್ರಕಟವಾಯಿತು. ನೀರನ್ನು ಸೋಸಿ ತಿನ್ನುವ ಜೀವಿಗಳಲ್ಲಿ ಹೆಚ್ಚಿನವು ಊಟ ನಿಲ್ಲಿಸುವುದು ಸ್ವಲ್ಪ ಕಾಲ ಮಾತ್ರ. ಕಲ್ಲಿಗೆ ಅಂಟಿಕೊಂಡು ಗುಂಪಾಗಿ ಬೆಳೆಯುವ ಬ್ರಯೋಝೋವನ್ ಎಂಬ ಪುಟ್ಟ ಪ್ರಾಣಿಗಳಲ್ಲಿ ಕೆಲವು ಹೆಚ್ಚುಕಮ್ಮಿ ವರ್ಷವಿಡೀ ತಿನ್ನುತ್ತವೆ.

ಕಾರಣ ಆಹಾರದ ಗಾತ್ರದಲ್ಲಿದೆ. ಬೇಸಿಗೆಯಲ್ಲಿ ನೀರನ್ನು ಮಂಕಾಗಿಸುವ ದೊಡ್ಡ ಡಯಾಟಮ್‌ಗಳು (ಒಂದೇ ಕೋಶದ ಪಾಚಿ) ಕೆಲವೇ ವಾರ ಇರುತ್ತವೆ. ಅವಕ್ಕಿಂತ ತುಂಬಾ ಚಿಕ್ಕ ಜೀವಕಣಗಳು ಆಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಚಿಕ್ಕದನ್ನು ಹಿಡಿಯಬಲ್ಲವರಿಗೆ ಚಳಿಗಾಲ ಗಿಡ್ಡ. ಸಮುದ್ರ ಸೌತೆ ಎಂಬ ಮೆತ್ತನೆ ಮೈಯ ಪ್ರಾಣಿಗಳಂಥವಕ್ಕೆ ಉದ್ದ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ಕೂತವರಿಗೂ ಚಳಿಗಾಲ ಬೇರೆ ಬೇರೆ! ನನಗೆ ಇದು ಬಹಳ ಇಷ್ಟವಾದ ಸಂಗತಿ.

ಆದರೆ ಸೀ ಅರ್ಚಿನ್ ವಿಷಯದಲ್ಲಿ ಕರಾವಳಿಯವರ ಮಾತು ನಿಜ. ಅಂಟಾರ್ಕ್ಟಿಕದ ಅಡಿಲೇಡ್ ದ್ವೀಪದಲ್ಲಿರುವ ಬ್ರಿಟನ್ನಿನ ರೊಥೆರಾ ನೆಲೆಯ ಹತ್ತಿರ ಸ್ಟೆರೆಕಿನಸ್ ನ್ಯೂಮೇಯರಿ ಎಂಬ ಜಾತಿ ಚಳಿಗಾಲದಲ್ಲಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಕರುಳು ಖಾಲಿ. ಮೈಯಲ್ಲಿ ಕೂಡಿಟ್ಟದ್ದನ್ನು ಕರಗಿಸಿಕೊಂಡು ಬದುಕುತ್ತದೆ.

ಹೆಪ್ಪುಗಡಲು:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಅಷ್ಟು ದಿನ ತಿನ್ನದೆ ಸಾಯುವುದಿಲ್ಲವೇ? ಬೇಸಿಗೆಯಲ್ಲಿ ನೀರು ಬೆಚ್ಚಗಾದ ಮೇಲೆ ಚುರುಕಾಗುತ್ತವೆಯೇ?

ಪ್ರಾಣಿಶಾಸ್ತ್ರ ಮೇಷ್ಟ್ರು:
ಸಾಯುವುದಿಲ್ಲ, ಖರ್ಚು ಅಷ್ಟು ಕಮ್ಮಿ. ಸೊನ್ನೆಗಿಂತ ಕೆಳಗಿನ ನೀರಲ್ಲಿ ಮೈಯ ಎಲ್ಲ ಕೆಲಸವೂ ನಿಧಾನ. ಬೇಸಿಗೆಯಲ್ಲಿ ಈ ಸೀ ಅರ್ಚಿನ್‌ಗಳು ಬಳಸುವ ಆಮ್ಲಜನಕ ಏರುತ್ತದೆ, ನಿಜ. ಆದರೆ ಅಲ್ಲಿ ನೀರು ಬೆಚ್ಚಗಾಗುವುದೇ ಎರಡು ಮೂರು ಡಿಗ್ರಿ. ಆ ಏರಿಕೆಯಲ್ಲಿ ಬಿಸಿಯ ಪಾಲು ಐದರಲ್ಲಿ ಒಂದಕ್ಕಿಂತ ಜಾಸ್ತಿ ಇಲ್ಲ ಎಂದು ಬ್ರಾಕಿಂಗ್ಟನ್ ಮತ್ತು ಕ್ಲಾರ್ಕ್ 2001ರಲ್ಲಿ ತೋರಿಸಿದರು. ಉಳಿದದ್ದು ತಿನ್ನುವುದು, ಬೆಳೆಯುವುದು, ಮೊಟ್ಟೆ ಬಿಡುವುದರಿಂದ. ಅಂದರೆ ಅವನ್ನು ಎಬ್ಬಿಸುವುದು ಮುಖ್ಯವಾಗಿ ಊಟ.

ಕರಾವಳಿಯವ:
ನಕ್ಷತ್ರ ಮೀನು?

ಪ್ರಾಣಿಶಾಸ್ತ್ರ ಮೇಷ್ಟ್ರು:
ಓಡೊಂಟಾಸ್ಟರ್ ವ್ಯಾಲಿಡಸ್ ಎಂಬ ಕೆಂಪು ನಕ್ಷತ್ರ ಮೀನು ಪಾಚಿ, ಸ್ಪಂಜು, ಸತ್ತ ಪ್ರಾಣಿ, ಸೀಲ್‌ನ ಸಗಣಿ, ಏನು ಸಿಕ್ಕರೂ ಬಿಡುವುದಿಲ್ಲ. ಅದಕ್ಕೆ ಋತುವಿನ ಹಂಗು ಕಮ್ಮಿ.

ಇನ್ನು ನೀವು ಹೇಳಿದ ಉಗ್ರಾಣ. ಅದು ಕಡಲಿಗೂ ಇದೆ. ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪಶ್ಚಿಮಕ್ಕೆ, 500 ಮೀಟರ್‌ಗೂ ಹೆಚ್ಚು ಆಳದಲ್ಲಿ ಕಡಲ ವಿಜ್ಞಾನಿ ಕ್ರೇಗ್ ಸ್ಮಿತ್ ಅವರ ತಂಡ ಇದನ್ನು ನೋಡಿತು. ಬೇಸಿಗೆಯ ಪಾಚಿ ಉದುರಿ ಕೆಸರಿನ ಮೇಲೆ ಹಸಿರು ಪದರವಾಗಿ ಕೂರುತ್ತದೆ. ಚಳಿಗೆ ಬೇಗ ಕೊಳೆಯುವುದಿಲ್ಲ. ಕೆಸರು ತಿನ್ನುವ ಜೀವಿಗಳು ಚಳಿಗಾಲ ಪೂರ್ತಿ ಅದರಲ್ಲೇ ಊಟ ಮಾಡುತ್ತವೆ. ಅವರು ಇದಕ್ಕೆ ಇಟ್ಟ ಹೆಸರೇ ‘ಫುಡ್ ಬ್ಯಾಂಕ್’.