ಕಾರಿನ ಬಾಗಿಲಿನ ಒಳಹಲಗೆ: ಕೀಳುವುದೋ, ಬಿಚ್ಚುವುದೋ, ಕಳೆಯುವುದೋ, ಕಳಚುವುದೋ?

ಬೆಳಗಾವಿಯ ಉದ್ಯಮಬಾಗದ ಬಳಿ ನನ್ನ ತಮ್ಮನು ಕಾರುಗಳಿಗೆ ಸ್ಪೀಕರ್, ಸೀಟಿನ ಹೊದಿಕೆ ಮೊದಲಾದವನ್ನು ಹಾಕಿಕೊಡುವ ಚಿಕ್ಕ ಅಂಗಡಿಯನ್ನು ನಡೆಸುತ್ತಾನೆ. ಅಲ್ಲಿ ಕೆಲಸ ಕಲಿಯಲು ಬರುವ ಹುಡುಗರು ಬೈಲಹೊಂಗಲ, ಸವದತ್ತಿ, ಗೋಕಾಕ ಕಡೆಯವರು. ಕನ್ನಡವನ್ನು ಸಲೀಸಾಗಿ ಓದುವ ಅವರಿಗೆ ಸ್ಪೀಕರಿನ ಡಬ್ಬಿಯಲ್ಲಿ ಬರುವ ಇಂಗ್ಲಿಷ್ ಕಾಗದದಿಂದ ಪ್ರಯೋಜನವಾಗುವುದಿಲ್ಲವೆಂದು, ಎರಡು ಪುಟಗಳ ಕನ್ನಡ ಸೂಚನೆಯನ್ನು ಬರೆದುಕೊಡುವ ಕೆಲಸವು ನನ್ನ ಪಾಲಿಗೆ ಬಂದಿತು. ಮೊದಲ ಬರಹದಲ್ಲಿ ನಾನು ‘ಬಾಗಿಲಿನ ಪ್ಯಾಡನ್ನು ಕಿತ್ತು ತೆಗೆಯಿರಿ’ ಎಂದು ಬರೆದಿದ್ದೆ. ಸ್ಪೀಕರನ್ನು ಬಾಗಿಲಿನೊಳಗೆ ಕೂಡ್ರಿಸಲು ಮೊದಲು ತೆಗೆಯಬೇಕಾದ ಒಳಬದಿಯ ಹಲಗೆಯೇ ಈ ಪ್ಯಾಡ್. ಅದನ್ನು ಓದಿದ ಹೊಸ ಹುಡುಗನು ಅಕ್ಷರಶಃ ಕಿತ್ತನು. ಕೆಳಅಂಚನ್ನು ಹಿಡಿದು ಒಮ್ಮೆಲೇ ಎಳೆದ ರಭಸಕ್ಕೆ ನಾಲ್ಕು ಕ್ಲಿಪ್ಪುಗಳು ಮುರಿದವು, ಕಿಟಕಿಯ ಸ್ವಿಚ್ಚಿಗೆ ಹೋಗುವ ವೈರು ಹರಿಯಿತು. ನಾನು ಆರಿಸಿದ ಕ್ರಿಯಾಪದವೇ ಅದಕ್ಕೆ ಕಾರಣವೆಂದು ನನಗೆ ಮನವರಿಕೆಯಾಗಿರುವುದರಿಂದ ಬಲ್ಲವರ ಮುಂದೆ ಈ ಪ್ರಶ್ನೆಯನ್ನಿಡುತ್ತಿದ್ದೇನೆ.

ಕೆಲಸದ ಕ್ರಮ ತಿಳಿದರೆ ಪದದ ತೊಡಕು ಸ್ಪಷ್ಟವಾಗುತ್ತದೆ. ಕಾರಿನ ಬಾಗಿಲು ಉಕ್ಕಿನ ತಗಡಿನದು, ಒಳಗೆ ಪೊಳ್ಳು. ಕುಳಿತವರ ಕಡೆಗೆ ಕಾಣುವ ಪ್ಲಾಸ್ಟಿಕ್ ಹಲಗೆಯನ್ನು ಅದರ ಮೇಲೆ ಎರಡು ಬಗೆಯಲ್ಲಿ ಹಿಡಿಸಿರುತ್ತಾರೆ. ಹಿಡಿಕೆಯ ಗುಳಿಯಲ್ಲಿಯೂ ಕೈಯೂರುವ ಜಾಗದಲ್ಲಿಯೂ ಸಣ್ಣ ಮುಚ್ಚಳಗಳ ಹಿಂದೆ ಅಡಗಿದ ಸ್ಕ್ರೂಗಳು ಒಂದು ಬಗೆ, ಸುತ್ತಲಿನ ಅಂಚಿನಲ್ಲಿ ತಗಡಿನ ತೂತುಗಳೊಳಗೆ ಒತ್ತಿ ಕೂಡ್ರಿಸಿದ ಪ್ಲಾಸ್ಟಿಕ್ ಕ್ಲಿಪ್ಪುಗಳು ಇನ್ನೊಂದು ಬಗೆ. ಸ್ಕ್ರೂಗಳನ್ನು ಮೊದಲು ತಿರುಗಿಸಿ ತೆಗೆದು, ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಬಹಳಷ್ಟು ಕಾರುಗಳಲ್ಲಿ ಹಲಗೆಯನ್ನು ಗಾಜಿನ ಗೆರೆಯಿಂದ ಮೇಲಕ್ಕೆತ್ತಿ, ಆಮೇಲೆ ಹಿಂಬದಿಯ ವೈರುಗಳ ಕನೆಕ್ಟರನ್ನೂ ಹಿಡಿಕೆಯ ಕೇಬಲ್ಲನ್ನೂ ಬೇರ್ಪಡಿಸಬೇಕು. ಹೊಸ ಸ್ಪೀಕರ್ ಕುಳಿತ ಮೇಲೆ ಅದೇ ಹಲಗೆ, ಅದೇ ಕ್ಲಿಪ್ಪುಗಳ ಮೇಲೆ, ಸಡಿಲವಿಲ್ಲದೆ ಮರಳಬೇಕು. ಒಂದು ಕ್ಲಿಪ್ಪು ಮುರಿದಿದ್ದರೂ ತಗ್ಗಿನ ಸ್ವರ ಬಂದಾಗಲೆಲ್ಲ ಹಲಗೆ ಗಿರಗುಟ್ಟುತ್ತದೆ, ಒಳ್ಳೆಯ ಸ್ಪೀಕರಿಗೆ ಕೊಟ್ಟ ಹಣ ಆ ಗಿರಗುಟ್ಟುವಿಕೆಯಲ್ಲಿ ಹೋಗುತ್ತದೆ.

ಹೀಗೆ ಮರಳಿ ಕೂಡಬೇಕಾದ ವಸ್ತುವಿಗೆ ‘ಕೀಳು’ ಸಲ್ಲುವುದಿಲ್ಲ. ನಾವು ಕಳೆ ಕೀಳುತ್ತೇವೆ, ಹಲ್ಲು ಕೀಳುತ್ತೇವೆ, ನೆಟ್ಟ ಗೂಟವನ್ನು ಕೀಳುತ್ತೇವೆ. ಇವೆಲ್ಲವುಗಳಲ್ಲಿ ಬೇರು ಸಹಿತ ಹೊರಬರುವ ಅರ್ಥವಿದೆ, ಬಲದ ಸೂಚನೆಯೂ ಇದೆ. ‘ಬಿಚ್ಚು’ ಸ್ಕ್ರೂಗಳಿಗೆ ಚೆನ್ನಾಗಿ ಹೊಂದುತ್ತದೆ. ಗಂಟು, ಕಟ್ಟು, ನಟ್ಟು ಮುಂತಾದ ಬಿಗಿದವುಗಳನ್ನು ನಾವು ಬಿಚ್ಚುತ್ತೇವಾದುದರಿಂದ ಹುಡುಗರು ತಾವಾಗಿಯೇ ‘ಸ್ಕ್ರೂ ಬಿಚ್ಚೀನ್ರೀ’ ಎನ್ನುತ್ತಾರೆ. ಆದರೆ ಅವರು ಹಲಗೆಗೂ ಅದನ್ನೇ ಬಳಸಿ ‘ಪ್ಯಾಡ್ ಬಿಚ್ಚೂದು’ ಎಂದಾಗ ಸ್ಕ್ರೂ ತೆಗೆದೊಡನೆ ಹಲಗೆ ಕೈಗೆ ಬಂದುಬಿಡುತ್ತದೆಂಬ ತಪ್ಪು ಭಾವನೆ ಉಂಟಾಗುತ್ತದೆ.

ಈ ಸೀಮೆಯ ಆಡುಮಾತಿನಲ್ಲಿ ನನಗೆ ಬಹಳ ಇಷ್ಟವಾದ ಪದ ‘ಕಳೆ’. ‘ಅಂಗಿ ಕಳಿ’, ‘ಚಪ್ಪಲಿ ಕಳದು ಒಳಗ ಬಾ’ ಎಂದು ನಮ್ಮ ಮನೆಗಳಲ್ಲಿ ದಿನವೂ ಹೇಳುತ್ತೇವೆ. ಮೈಮೇಲಿದ್ದುದನ್ನು ಕೆಡಿಸದೆ ತೆಗೆದಿಡುವುದು, ಮತ್ತೆ ಹಾಕಿಕೊಳ್ಳಲಿಕ್ಕಿದೆ ಎಂಬ ಭರವಸೆಯೊಂದಿಗೆ ತೆಗೆದಿಡುವುದು, ಅದರ ಅರ್ಥ. ಕಾರಿನ ಹಲಗೆಗೆ ಬೇಕಾದುದು ಇದೇ. ತೊಂದರೆಯೆಂದರೆ, ತೆಂಕಣ ಕರ್ನಾಟಕದ ಓದುಗರಿಗೆ ‘ಹಲಗೆಯನ್ನು ಕಳೆಯಿರಿ’ ಎಂದರೆ ಅದನ್ನು ಎಲ್ಲಿಯೋ ಕಳೆದುಕೊಳ್ಳುವಂತೆ ಕೇಳಿಸೀತು. ಹಾಗಾಗಿ ಬರಹದಲ್ಲಿ ‘ಕಳಚು’ ಇರಲೆಂದು ನಾನು ವಾಲಿದ್ದೇನೆ. ಸರಪಳಿಯ ಕೊಂಡಿ ಕಳಚುತ್ತೇವೆ, ಒಡವೆ ಕಳಚಿಡುತ್ತೇವೆ. ಒಂದರೊಳಗೊಂದು ಸಿಕ್ಕಿಕೊಂಡಿರುವುದನ್ನು ಮುರಿಯದೆ ಬೇರೆ ಮಾಡುವ ಭಾವ ಅದರಲ್ಲಿದೆ, ಎರಡೂ ಕಡೆಯವರಿಗೆ ತಿಳಿಯುತ್ತದೆ. ‘ಹಿಡಿಕೆ ಕಳಚಿ ಬಿತ್ತು’ ಎಂಬಲ್ಲಿರುವಂತೆ ತಾನಾಗಿಯೇ ಬಿದ್ದುಹೋಗುವ ಅರ್ಥವೂ ಅದಕ್ಕಿರುವುದು ಒಂದು ಕೊರತೆ, ಆದರೆ ಆಜ್ಞಾರ್ಥದಲ್ಲಿ ಆ ಗೊಂದಲ ಬಾರದು.

ಕ್ಲಿಪ್ಪುಗಳನ್ನು ಎಬ್ಬಿಸುವ ಕ್ರಿಯೆಗೆ ಮಾತ್ರ ಕನ್ನಡದಲ್ಲಿ ತಕ್ಕ ಪದ ಸಿದ್ಧವಾಗಿಯೇ ಇದೆ: ‘ಮೀಟು’. ಹಾರೆಯಿಂದ ಕಲ್ಲು ಮೀಟುವವರೂ ಏಕತಾರಿಯ ತಂತಿ ಮೀಟುವವರೂ ನಮ್ಮ ಊರುಗಳಲ್ಲಿ ಇದ್ದಾರೆ. ತುದಿಯನ್ನು ಅಡಿಗೆ ತೂರಿಸಿ ಅಳತೆಯ ಬಲದಿಂದ ಎತ್ತಿಬಿಡುವುದು ಎರಡಕ್ಕೂ ಸಮಾನ. ಇದಕ್ಕೆ ಬಳಸುವ ಪ್ಲಾಸ್ಟಿಕ್ ಉಪಕರಣಕ್ಕೆ ಬಡಗಿಗಳ ‘ಬೆಣೆ’ ಎಂಬ ಪದವನ್ನೇ ಇಟ್ಟಿದ್ದೇನೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಬಣ್ಣ ಕೆರೆದುಹೋಗುತ್ತದೆ, ಆದುದರಿಂದ ‘ಕೆಳಮೂಲೆಯಿಂದ ಆರಂಭಿಸಿ, ಕ್ಲಿಪ್ಪಿನ ಪಕ್ಕಕ್ಕೇ ಬೆಣೆಯನ್ನು ತೂರಿಸಿ ಮೀಟಿರಿ’ ಎಂದು ಬರೆದೆ. ಆ ವಾಕ್ಯವನ್ನು ಓದಿದ ಹುಡುಗರು ಮರುಪ್ರಶ್ನೆ ಕೇಳಲಿಲ್ಲ.

ಇನ್ನು ಆ ಹಲಗೆಯ ಹೆಸರು. ಅಂಗಡಿಗಳಲ್ಲಿ ‘ಡೋರ್ ಪ್ಯಾಡ್’ ಎನ್ನುತ್ತಾರೆ, ಕಂಪನಿಯ ಕಾಗದಗಳಲ್ಲಿ ‘ಡೋರ್ ಟ್ರಿಮ್’ ಎಂದಿರುತ್ತದೆ. ‘ಪ್ಯಾಡ್’ ಬಳಕೆಯಲ್ಲಿರುವುದರಿಂದ ಅದನ್ನು ಓಡಿಸಬೇಕೆಂಬ ಹಟ ನನಗಿಲ್ಲ. ಆದರೂ ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಒಳಗಿನಿಂದ ಹಚ್ಚುವ ಬಟ್ಟೆಯನ್ನು ನಮ್ಮ ದರ್ಜಿಗಳು ‘ಅಸ್ತರ’ ಎನ್ನುತ್ತಾರಲ್ಲ, ಆ ಪದ ಇಲ್ಲಿ ಹೊಂದುವುದೇ ಎಂದು ಯೋಚಿಸುತ್ತಿದ್ದೇನೆ. ಪಾರಸಿಯಿಂದ ಬಂದ ಆ ಪದ ಮರಾಠಿಯಲ್ಲಿಯೂ ಇದೆ, ಗಡಿಯ ಈ ಊರಿನಲ್ಲಿ ಎರಡೂ ಭಾಷೆಯವರಿಗೆ ತಿಳಿಯುತ್ತದೆ. ಕ್ಲಿಪ್ಪನ್ನು ‘ಗುಂಡಿ’ ಎಂದೂ ಅದು ಕೂಡುವ ತಗಡಿನ ತೂತನ್ನು ‘ಕಾಜ’ ಎಂದೂ ಕರೆದರೆ ದರ್ಜಿಯ ಪದಗಳೇ ಇಡೀ ಕೆಲಸವನ್ನು ಹೇಳಬಲ್ಲವು. ನನ್ನ ಅನುಮಾನವಿಷ್ಟೇ: ಅಸ್ತರವೆಂದರೆ ಹೊರಗೆ ಕಾಣದ ಪದರ, ಕಾರಿನ ಹಲಗೆಯಾದರೋ ಕುಳಿತವರಿಗೆ ಎದುರಿಗೇ ಕಾಣುವಂಥದು.

ಹಲಗೆಗೂ ತಗಡಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆಯಿರುತ್ತದೆ. ಗಾಜಿನ ಬದಿಯಿಂದ ಇಳಿಯುವ ಮಳೆನೀರು ಬಾಗಿಲಿನ ಪೊಳ್ಳಿನೊಳಗೇ ಹರಿದು ಅಡಿಯ ತೂತುಗಳಿಂದ ಹೊರಹೋಗುವಂತೆ, ಕಾರಿನ ಒಳಗೆ ಬಾರದಂತೆ ತಡೆಯುವುದು ಅದರ ಕೆಲಸ. ಕಪ್ಪು ಮೇಣದಂಥ ಅಂಟಿನಿಂದ ಅದನ್ನು ಹಚ್ಚಿರುತ್ತಾರೆ. ಇದನ್ನು ನಾನು ‘ನೀರುತಡೆ ಹಾಳೆ’ ಎಂದು ಬರೆದು, ‘ಹರಿಯದಂತೆ ಅಂಟು ಬಿಡಿಸಿರಿ’ ಎಂದಿದ್ದೇನೆ. ಹುಡುಗರು ಅದನ್ನು ಬರಿಯ ‘ಕಾಗದ’ವೆಂದು ಹರಿದೆಸೆಯುವುದರಿಂದ ಹೆಸರಿನಲ್ಲಿಯೇ ಅದರ ಕೆಲಸ ಕಾಣಬೇಕೆಂಬುದು ನನ್ನ ಅಪೇಕ್ಷೆ.

‘ಧ್ವನಿವರ್ಧಕ’ವನ್ನು ಬಿಟ್ಟು ‘ಸ್ಪೀಕರ್’ ಎಂದೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಧ್ವನಿಯ ಸಂಕೇತವನ್ನು ಹೆಚ್ಚಿಸುವುದು ಆಂಪ್ಲಿಫೈಯರ್, ಅದೂ ಅದೇ ಕಾರಿನಲ್ಲಿ ಇರಬಹುದು. ಸ್ಪೀಕರಿನ ಅಯಸ್ಕಾಂತವು ಕೆಳಗಿಳಿಯುವ ಗಾಜಿಗೆ ತಾಗದಿರಲೆಂದು ನಡುವೆ ಇಡುವ ಉಂಗುರಕ್ಕೆ ‘ಬಳೆ’ ಎಂದಿದ್ದೇನೆ. ಅದನ್ನು ಜೋಡಿಸುವುದಕ್ಕೆ ಗಣಪತಿಯನ್ನು ಕೂಡ್ರಿಸುವ ನಮ್ಮ ‘ಕೂಡ್ರಿಸು’ವನ್ನೇ ಬಳಸಿದ್ದೇನೆ.

ಬಲ್ಲವರಲ್ಲಿ ನನ್ನ ವಿನಂತಿ ಮೂರು. ವಿಜಯಪುರ, ಬಾಗಲಕೋಟೆ ಕಡೆಯ ಗ್ಯಾರೇಜುಗಳಲ್ಲಿ ಈ ಹಲಗೆಯನ್ನು ತೆಗೆಯುವುದಕ್ಕೆ ಯಾವ ಕ್ರಿಯಾಪದ ಕೇಳಿಬರುತ್ತದೆಂದು ತಿಳಿಸಬೇಕು. ‘ಕಳಚು’ವಿಗಿಂತ ‘ಕಳೆ’ಯನ್ನೇ ಬರಹಕ್ಕೆ ತರಬಹುದೆಂದು ಯಾರಾದರೂ ಭಾವಿಸಿದ್ದರೆ ಅದಕ್ಕೆ ಆಧಾರ ಕೊಡಬೇಕು. ಎದುರಿಗೆ ಕಾಣುವ ಹಲಗೆಗೆ ‘ಅಸ್ತರ’ ಸಲ್ಲದೆಂದಾದರೆ, ಕಾಣುವ ಒಳಹೊದಿಕೆಗೆ ಬಡಗಿಗಳಲ್ಲಾಗಲಿ ಬಂಡಿ ಮಾಡುವವರಲ್ಲಾಗಲಿ ಬಳಕೆಯಲ್ಲಿರುವ ಬೇರೆ ಪದವಿದ್ದರೆ ಹೇಳಬೇಕು. ಸೂಚನೆಯ ಎರಡನೆಯ ಬರಹದಲ್ಲಿ ಆ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.